ಟರ್ಬೊ ಪೈಪ್ ಎರಡನೇ ಸಲ ಒಡೆದಿದೆ: ಸಿಲಿಕೋನ್ ಹಾಕಿಸಲಾ, ಲೋಹದ್ದಾ?

ಪುತ್ತೂರಿನ ಓದುಗರೊಬ್ಬರ ಪ್ರಶ್ನೆ:

"ನನ್ನದು 2016ರ ಡೀಸೆಲ್ ಕಾರು. 1.5 ಲೀಟರ್ ಟರ್ಬೊ ಎಂಜಿನ್, ಓಡಿದ್ದು 1 ಲಕ್ಷ 42 ಸಾವಿರ ಕಿ.ಮೀ. ಅಡಿಕೆ ವ್ಯಾಪಾರಕ್ಕಾಗಿ ತಿಂಗಳಿಗೆ ಎರಡು ಸಲವಾದರೂ ಬೆಂಗಳೂರಿಗೆ ಹೋಗಿ ಬರುತ್ತೇನೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪ್ ಹೋದ ವರ್ಷ ಸೀಳಿತು. ಒರಿಜಿನಲ್ ಸ್ಟಾಕ್ ಇಲ್ಲ ಎಂದು ಗ್ಯಾರೇಜಿನವರು ಹೊರಗಿನದ್ದು ಹಾಕಿದರು. ಅದು 9 ಸಾವಿರ ಕಿ.ಮೀ. ಕೂಡ ಬಾಳಲಿಲ್ಲ. ಮೊನ್ನೆ ಐದು ಜನ ಕೂತು ಶಿರಾಡಿ ಹತ್ತುವಾಗ ಜೋರಾಗಿ 'ಸುಸ್' ಎಂಬ ಶಬ್ದ ಬಂತು. ಹಿಂದೆ ಕಪ್ಪು ಹೊಗೆ. ಪಿಕಪ್ ಪೂರ್ತಿ ಸತ್ತು, ಎರಡನೇ ಗೇರಿನಲ್ಲಿ ತೆವಳಿಕೊಂಡು ಸಕಲೇಶಪುರ ಸೇರಿದೆವು. ಪೈಪು ಟರ್ಬೊ ಕಡೆಯ ತುದಿಯಲ್ಲಿ, ಕ್ಲ್ಯಾಂಪಿನ ಪಕ್ಕದಲ್ಲೇ ಬಳೆಯ ಹಾಗೆ ಸುತ್ತಲೂ ಬಿರಿದಿದೆ. ಒಳಗೆ ಎಣ್ಣೆ ಜಿಡ್ಡಿದೆ. ಅದನ್ನು ನೋಡಿ ಗ್ಯಾರೇಜಿನವರು 'ಟರ್ಬೊ ಹೋಗಿದೆ' ಎನ್ನುತ್ತಾರೆ. ಒರಿಜಿನಲ್ ಪೈಪಿಗೆ 7,400 ರೂಪಾಯಿ ಹೇಳಿದ್ದಾರೆ. ನೀಲಿ ಬಣ್ಣದ ಸಿಲಿಕೋನ್ ಪೈಪು ಆನ್‌ಲೈನ್‌ನಲ್ಲಿ 2,200ಕ್ಕೆ ಸಿಗುತ್ತದೆ. ಒಬ್ಬ ಸ್ನೇಹಿತ, '4,500 ಕೊಟ್ಟು ಅಲ್ಯೂಮಿನಿಯಂ ಪೈಪ್ ಮಾಡಿಸು, ಸಾಯುವ ತನಕ ಚಿಂತೆ ಇಲ್ಲ, ಪಿಕಪ್ ಕೂಡ ಜಾಸ್ತಿ ಆಗುತ್ತದೆ' ಎನ್ನುತ್ತಾನೆ. ಯಾರನ್ನು ನಂಬಲಿ? ಮುಂದಿನ ವಾರ ಮತ್ತೆ ಬೆಂಗಳೂರಿಗೆ ಹೋಗಲೇಬೇಕು."

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಮಾತು "ಬಳೆಯ ಹಾಗೆ ಸುತ್ತಲೂ ಬಿರಿದಿದೆ" ಎಂಬುದು. ಇಷ್ಟು ಕಣ್ಣಿಟ್ಟು ನೋಡಿ ಬರೆಯುವವರು ಕಡಿಮೆ. "ಪೈಪ್ ಹೋಗಿದೆ, ಯಾವುದು ಹಾಕಲಿ" ಎಂದು ಒಂದೇ ಸಾಲು ಕಳಿಸುವವರೇ ಜಾಸ್ತಿ.

ನೀವು ಕೇಳಿರುವುದು ಯಾವ ಪೈಪ್ ಎಂದು. ಆದರೆ ನಿಮ್ಮನ್ನು ಕಾಡುತ್ತಿರುವುದು ಬೇರೆ ಅನಿಸುತ್ತದೆ. ದುಡ್ಡು ಸುರಿದ ಮೇಲೂ ಮತ್ತೆ ಅದೇ ಘಾಟಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ನಿಲ್ಲಬೇಕಾಗುತ್ತದಾ? ಟರ್ಬೊ ನಿಜವಾಗಿ ಹೋಗಿದೆಯಾ, ಇಲ್ಲ ಸುಮ್ನೆ ಹೆದರಿಸುತ್ತಿದ್ದಾರಾ? ಇವೆರಡಕ್ಕೂ ಉತ್ತರ ಸಿಕ್ಕರೆ ಪೈಪಿನ ಪ್ರಶ್ನೆ ಸುಲಭ.

ವರ್ಕ್‌ಶಾಪ್ ಹಾಕುವ ಮೊದಲು ನಾನು ಎಂಟು ವರ್ಷ ರಬ್ಬರ್ ಹೋಸ್‌ಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಹೋಸ್‌ಗಳನ್ನು ಬಿಸಿ ಮಾಡಿ, ಗಾಳಿ ತುಂಬಿ, ಅಲುಗಾಡಿಸಿ, ಒಡೆಯುವ ತನಕ ಕಾಯುವುದೇ ಕೆಲಸ. ಆಗ ಕಲಿತ ಒಂದು ಅಭ್ಯಾಸ ಇವತ್ತಿಗೂ ಇದೆ: ಒಡೆದ ಪೈಪನ್ನು ಬಿಸಾಡುವ ಮೊದಲು ಬಿರುಕು ಯಾವ ದಿಕ್ಕಿಗಿದೆ ಎಂದು ನೋಡುವುದು. ಪೈಪಿನ ಉದ್ದಕ್ಕೆ ಸೀಳಿದ್ದರೆ ರಬ್ಬರ್ ವಯಸ್ಸಾಗಿ ಒಣಗಿದೆ, ಅಥವಾ ಎಣ್ಣೆ ಕುಡಿದು ಮೆತ್ತಗಾಗಿ ಉಬ್ಬಿದೆ. ಒಂದೇ ಕಡೆ ತೂತು ಬಿದ್ದು, ಅದರ ಸುತ್ತ ನುಣ್ಣಗೆ ಸವೆದಿದ್ದರೆ ಯಾವುದೋ ಬ್ರಾಕೆಟ್ಟಿಗೋ ಬ್ಯಾಟರಿ ಟ್ರೇಗೋ ಉಜ್ಜುತ್ತಿದೆ. ತೂತಿನ ಅಂಚಿನಲ್ಲಿ ಜೋಡಿ ಗೀರುಗಳಿದ್ದರೆ ಅದು ಇಲಿ. ನಗಬೇಡಿ, ಮಲೆನಾಡಿನಲ್ಲೂ ಬೆಂಗಳೂರಿನ ಬೇಸ್‌ಮೆಂಟ್ ಪಾರ್ಕಿಂಗ್‌ಗಳಲ್ಲೂ ಇದು ದಿನನಿತ್ಯದ ಕಥೆ. ಇನ್ನು ನಿಮ್ಮದರ ಹಾಗೆ ಕ್ಲ್ಯಾಂಪಿನ ಪಕ್ಕದಲ್ಲಿ ಬಳೆಯಂತೆ ಸುತ್ತ ಬಿರಿದಿದ್ದರೆ, ಆ ಪೈಪನ್ನು ಯಾರೋ ಹಿಡಿದು ಜಗ್ಗುತ್ತಿದ್ದಾರೆ ಎಂದು ಅರ್ಥ. ತಂತಿಯನ್ನು ಒಂದೇ ಜಾಗದಲ್ಲಿ ಅತ್ತ ಇತ್ತ ಬಗ್ಗಿಸಿದರೆ ತುಂಡಾಗುತ್ತದಲ್ಲ, ಹಾಗೆ.

ಜಗ್ಗುವುದು ಯಾರು? ಎಂಜಿನ್ನೇ.

ಎಂಜಿನ್ನಿಗೆ ಗಾಳಿ ಹಿಂಡಿ ತುಂಬುವ ಟರ್ಬೊ ಕೂತಿರುವುದು ಎಂಜಿನ್ ಮೇಲೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂತಿರುವುದು ಕಾರಿನ ಬಾಡಿಯ ಮೇಲೆ. ಎಂಜಿನ್ ಬಾಡಿಗೆ ನೇರವಾಗಿ ಬಿಗಿದುಕೊಂಡಿಲ್ಲ, ರಬ್ಬರಿನ ಮೌಂಟ್‌ಗಳ ಮೇಲೆ ನೇತಾಡುತ್ತಿದೆ. ಆಕ್ಸಿಲರೇಟರ್ ತುಳಿದಾಗ ಒಂದು ಕಡೆ ವಾಲುತ್ತದೆ, ಬಿಟ್ಟಾಗ ಇನ್ನೊಂದು ಕಡೆ. ಮೌಂಟ್ ಚೆನ್ನಾಗಿದ್ದರೆ ಈ ಅಲುಗಾಟ ಸಣ್ಣದು, ಪೈಪು ಅದನ್ನು ನುಂಗಿಕೊಳ್ಳುತ್ತದೆ. ಮೌಂಟ್ ಸತ್ತಿದ್ದರೆ ಪ್ರತಿ ಗೇರ್ ಬದಲಾವಣೆಗೂ ಪೈಪಿನ ಕುತ್ತಿಗೆಗೆ ಒಂದು ಎಳೆತ. ಶಿರಾಡಿಯ ಸುಮಾರು 26 ಕಿ.ಮೀ. ತಿರುವುಗಳಲ್ಲಿ ಲಾರಿಗಳ ಹಿಂದೆ ಎರಡು-ಮೂರು, ಎರಡು-ಮೂರು ಎಂದು ಗೇರ್ ಹಾಕುತ್ತಾ ಹತ್ತುವಾಗ ಎಷ್ಟು ಸಲ ಜಗ್ಗಿರಬಹುದು ಎಣಿಸಿ. 1 ಲಕ್ಷ 42 ಸಾವಿರ ಓಡಿದ ಡೀಸೆಲ್ ಕಾರಿನಲ್ಲಿ ಮೌಂಟ್ ದಣಿದಿರುವುದು ಆಶ್ಚರ್ಯವೇ ಅಲ್ಲ.

ಇದನ್ನು ನೀವೇ ನೋಡಬಹುದು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಂದೆ ಯಾರೂ ನಿಲ್ಲಬಾರದು. ಅನುಭವ ಇರುವ ಒಬ್ಬರು ಬ್ರೇಕ್ ಮತ್ತು ಹ್ಯಾಂಡ್‌ಬ್ರೇಕ್ ಎರಡನ್ನೂ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಚೂರೇ ಚೂರು ಬಿಡಲಿ. ಆಮೇಲೆ ರಿವರ್ಸ್‌ನಲ್ಲಿ ಹಾಗೇ ಮಾಡಲಿ. ನೀವು ಬಾನೆಟ್ ಎತ್ತಿ ಪಕ್ಕದಿಂದ ನೋಡಿ. ಎಂಜಿನ್ ಸ್ವಲ್ಪ ತೂಗಿದರೆ ಸರಿ. "ದಡ್" ಎಂದು ಎದ್ದು ಕುಳಿತರೆ ಮೌಂಟ್ ಹೋಗಿದೆ. ವಿಶೇಷವಾಗಿ ಕೆಳಗಿರುವ ಟಾರ್ಕ್ ರಾಡಿನ ಬುಷ್ ನೋಡಿಸಿ. ಮೂಳೆಯ ಆಕಾರದ ಆ ಸಣ್ಣ ರಾಡು ಎಂಜಿನ್ನಿನ ಹಿಂದೆ-ಮುಂದಿನ ತೂಗಾಟವನ್ನು ಹಿಡಿಯುತ್ತದೆ. ಅದರ ರಬ್ಬರ್ ಹರಿದಿದ್ದರೆ ನೀವು ಚಿನ್ನದ ಪೈಪ್ ಹಾಕಿಸಿದರೂ ಒಡೆಯುತ್ತದೆ.

ಈಗ ಟರ್ಬೊ ವಿಷಯ. ಒಳಗೆ ಎಣ್ಣೆ ಜಿಡ್ಡು ಇದೆ ಎಂದಿರಿ. ಜಿಡ್ಡು ಬೇರೆ, ಎಣ್ಣೆ ನಿಂತಿರುವುದು ಬೇರೆ. ಪಿಸ್ಟನ್ ಪಕ್ಕದಿಂದ ಕ್ರ್ಯಾಂಕ್‌ಕೇಸಿಗೆ ಇಳಿಯುವ ಗಾಳಿ ಎಣ್ಣೆಯ ಹನಿಗಳನ್ನು ಹೊತ್ತುಕೊಂಡು, ಒಂದು ಸಣ್ಣ ಪೈಪಿನ ಮೂಲಕ ಟರ್ಬೊದ ಬಾಯಿಗೇ ಬಂದು ಸೇರುತ್ತದೆ. ಕಂಪನಿಯೇ ಮಾಡಿದ ವ್ಯವಸ್ಥೆ ಅದು. ಆದ್ದರಿಂದ ಈ ಪೈಪಿನ ಒಳಗೆ ತೆಳುವಾದ ಎಣ್ಣೆ ಪೊರೆ ಇರುವುದು ಸಹಜ. ಒಂದು ಲಕ್ಷ ದಾಟಿದ ಯಾವ ಡೀಸೆಲ್ ಕಾರಿನಲ್ಲಿ ಬೇಕಾದರೂ ಬೆರಳಿಟ್ಟು ನೋಡಿ, ಕಪ್ಪಾಗುತ್ತದೆ. ಪೈಪು ಬಗ್ಗಿಸಿದಾಗ ಚಮಚದಷ್ಟು ಎಣ್ಣೆ ಸುರಿದರೆ, ಅಥವಾ ಇಂಟರ್‌ಕೂಲರಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಆಗ ಯೋಚಿಸಬೇಕು.

ಟರ್ಬೊ ಹೇಗಿದೆ ಎಂದು ನೋಡಲು ಐದು ನಿಮಿಷ ಸಾಕು. ಎಂಜಿನ್ ತಣ್ಣಗಿರುವಾಗ ಗಾಳಿ ಬರುವ ಕಡೆಯ ಪೈಪ್ ಬಿಚ್ಚಿ ಒಳಗಿನ ಚಕ್ರವನ್ನು ಬೆರಳಲ್ಲಿ ಹಿಡಿಯಿರಿ. ಪಕ್ಕಕ್ಕೆ ಒಂದು ಕೂದಲೆಳೆ ಆಡಿದರೆ ಸಹಜ, ಎಣ್ಣೆಯ ಒತ್ತಡ ಬಂದಾಗ ಅದು ಸರಿಹೋಗುತ್ತದೆ. ಒಳಗೆ-ಹೊರಗೆ ಆಡುವುದು ಕೈಗೆ ಗೊತ್ತಾಗಬಾರದು. ಚಕ್ರದ ರೆಕ್ಕೆ ಟರ್ಬೊ ಕವಚದ ಒಳಗೋಡೆಗೆ ಉಜ್ಜಿದ ಗುರುತು ಇರಬಾರದು. ಇವು ಸರಿಯಿದ್ದು, ಎಂಜಿನ್ ಆಯಿಲ್ ಮಟ್ಟ ಬೇಗ ಇಳಿಯುತ್ತಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಇಲ್ಲ ಎಂದಾದರೆ, ಟರ್ಬೊ ಬದಲಿಸುವ ಮಾತಿಗೆ ತಲೆ ಆಡಿಸಬೇಡಿ. ಇವು ಸರಿಯಿಲ್ಲದಿದ್ದರೆ ಮಾತ್ರ ತಡ ಮಾಡಬೇಡಿ. ಸೀಲ್ ಪೂರ್ತಿ ಹೋಗಿ ಎಣ್ಣೆ ಸುರಿಯಲು ಶುರುವಾದರೆ ಡೀಸೆಲ್ ಎಂಜಿನ್ ತನ್ನ ಎಣ್ಣೆಯನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡಬಹುದು.

ಘಾಟಿಯಲ್ಲಿ ನಿಮಗೆ ಆದದ್ದಕ್ಕೆ ಟರ್ಬೊ ಹೋಗಿರಲೇಬೇಕು ಎಂದೇನಿಲ್ಲ. ಪೈಪ್ ಒಡೆದರೆ ಅಷ್ಟೂ ಆಗುತ್ತದೆ. ಗಾಳಿ ಅಳೆಯುವ ಸೆನ್ಸರ್ ಟರ್ಬೊಗಿಂತ ಮೊದಲೇ ಕೂತಿರುತ್ತದೆ. ಅದು "ಇಷ್ಟು ಗಾಳಿ ಬಂತು" ಎಂದು ಲೆಕ್ಕ ಕೊಡುತ್ತದೆ, ಎಂಜಿನ್ ಕಂಪ್ಯೂಟರ್ ಆ ಲೆಕ್ಕಕ್ಕೆ ಡೀಸೆಲ್ ಸುರಿಯುತ್ತದೆ. ಗಾಳಿಯೋ ದಾರಿಯಲ್ಲೇ ಸೋರಿ ಹೋಯಿತು. ಸುಡಲು ಗಾಳಿ ಸಾಲದ ಡೀಸೆಲ್ ಕಪ್ಪು ಹೊಗೆಯಾಗಿ ಹೊರಬಂತು. ಕೇಳಿದಷ್ಟು ಬೂಸ್ಟ್, ಅಂದರೆ ಟರ್ಬೊ ಹಿಂಡಿ ಕೊಡುವ ಗಾಳಿಯ ಒತ್ತಡ, ಬರದಿದ್ದಾಗ ಕಂಪ್ಯೂಟರ್ ಶಕ್ತಿ ಕಡಿಮೆ ಮಾಡಿ ಲಿಂಪ್ ಮೋಡ್‌ಗೆ ಹೋಯಿತು. ಸ್ಕ್ಯಾನರ್ ಹಾಕಿದರೆ ಪಿ0299 ಎಂಬ ಕೋಡ್ ಸಿಗುವ ಸಾಧ್ಯತೆ ಹೆಚ್ಚು. ಬೂಸ್ಟ್ ಸಾಲುತ್ತಿಲ್ಲ ಎಂದು ಅದರ ಅರ್ಥ. ಅದು ಟರ್ಬೊಗೆ ಬರೆದ ಮರಣಪತ್ರ ಅಲ್ಲ. ಹಾಗಂತ ಸೋರುವ ಪೈಪ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸಿದರೆ ಟರ್ಬೊಗೂ ಪೆಟ್ಟು. ಕಳೆದುಹೋದ ಗಾಳಿಯನ್ನು ತುಂಬಿಕೊಡಲು ಅದು ಇನ್ನೂ ವೇಗವಾಗಿ ತಿರುಗಬೇಕು. ಸಣ್ಣ ಕಾರಿನ ಟರ್ಬೊ ಮೊದಲೇ ನಿಮಿಷಕ್ಕೆ ಒಂದೂವರೆ-ಎರಡು ಲಕ್ಷ ಸುತ್ತು ಹಾಕುವ ಯಂತ್ರ.

ಈಗ ಪೈಪಿಗೆ ಬರೋಣ.

ಟರ್ಬೊದಿಂದ ಹೊರಬರುವ ಗಾಳಿ ಎಷ್ಟು ಬಿಸಿ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹೊರಗೆ 32 ಡಿಗ್ರಿ ಇದ್ದು ಟರ್ಬೊ 1.2 ಬಾರ್ ಬೂಸ್ಟ್ ಕೊಡುತ್ತಿದ್ದರೆ, ಆ ಪೈಪಿನೊಳಗೆ ಸುಮಾರು 140ರಿಂದ 150 ಡಿಗ್ರಿ. ಹಿಂಡಿದ್ದಕ್ಕೇ ಗಾಳಿ ಅಷ್ಟು ಕಾಯುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದಲ್ವಾ, ಅದೇ. ಇಂಟರ್‌ಕೂಲರ್ ದಾಟಿದ ಮೇಲೆ 50-60 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಟರ್ಬೊ ಕಡೆಯ ಪೈಪನ್ನು ನಾವು ಹಾಟ್ ಸೈಡ್ ಎನ್ನುತ್ತೇವೆ, ಎಂಜಿನ್ ಕಡೆಯದ್ದನ್ನು ಕೋಲ್ಡ್ ಸೈಡ್. ನಿಮ್ಮದು ಒಡೆದಿರುವುದು ಹಾಟ್ ಸೈಡ್. ಬಿಸಿ, ಎಣ್ಣೆ, ಒತ್ತಡ, ಅಲುಗಾಟ, ನಾಲ್ಕೂ ಒಟ್ಟಿಗೆ ಸೇರುವ ಜಾಗ ಅದು.

ಈ ಜಾಗಕ್ಕೆ ಕಂಪನಿಗಳು ಸಾಮಾನ್ಯ ರಬ್ಬರ್ ಹಾಕುವುದಿಲ್ಲ. ಎಸಿಎಂ, ಎಇಎಂ ಎಂಬ ಹೆಸರಿನ, ಬಿಸಿ ಮತ್ತು ಎಣ್ಣೆ ಎರಡನ್ನೂ ತಡೆಯುವ ರಬ್ಬರುಗಳಿವೆ. ಸುಮಾರು 150-175 ಡಿಗ್ರಿಯವರೆಗೆ ಕೆಲಸ ಮಾಡುತ್ತವೆ. ಬೆಲೆಯೂ ಜಾಸ್ತಿ. ಹೊರಗಿನ ಅಗ್ಗದ ಪೈಪುಗಳಲ್ಲಿ ಎಷ್ಟೋ ಸಲ ಇರುವುದು ಇಪಿಡಿಎಂ, ಅಂದರೆ ರೇಡಿಯೇಟರ್ ಹೋಸ್ ಮಾಡುವ ರಬ್ಬರು. ನೀರಿಗೆ ಅದು ರಾಜ, ಎಣ್ಣೆಗೆ ಬಲಿ. ಎಣ್ಣೆ ಕುಡಿದು ಬಸಳೆ ಸೊಪ್ಪಿನ ದಂಟಿನ ಹಾಗೆ ಮೆತ್ತಗಾಗುತ್ತದೆ. ನೋಡಲು ಎರಡೂ ಕಪ್ಪು, ಎರಡಕ್ಕೂ ಒಂದೇ ಆಕಾರ. ನಿಮ್ಮ ಎರಡನೇ ಪೈಪ್ 9 ಸಾವಿರ ಕಿ.ಮೀ.ಗೆ ಕೈಕೊಟ್ಟಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಒಡೆದ ಪೈಪನ್ನು ಬಿರುಕಿನಿಂದ ದೂರದಲ್ಲಿ ಹಿಚುಕಿ ನೋಡಿ. ಒಳಪದರ ಅಂಟಂಟಾಗಿ, ಊದಿಕೊಂಡಂತೆ ಇದ್ದರೆ ಅನುಮಾನವೇ ಬೇಡ. ಮೆತ್ತಗಾದ ರಬ್ಬರು, ಮೇಲೆ ಜಗ್ಗುವ ಎಂಜಿನ್. ಎರಡೂ ಸೇರಿದ ಮೇಲೆ ಎಷ್ಟು ದಿನ ತಡೆದೀತು?

ನೀಲಿ ಪೈಪಿನ ಆಸೆ

ಸಿಲಿಕೋನ್ ಬಿಸಿಗೆ ಒಳ್ಳೆಯದು, ಅದರಲ್ಲಿ ಮಾತಿಲ್ಲ. 180 ಡಿಗ್ರಿವರೆಗೆ ನಿರಾತಂಕವಾಗಿ ಇರುತ್ತದೆ, ಚಳಿಗೂ ಗಟ್ಟಿಯಾಗುವುದಿಲ್ಲ. ವರ್ಷಗಟ್ಟಲೆ ಬಿಸಿಲು, ಬಿಸಿ ತಿಂದರೂ ಬಿರುಕು ಬಿಡದೆ ಮೃದುವಾಗಿಯೇ ಉಳಿಯುತ್ತದೆ. ಲಾರಿ, ಬಸ್ಸುಗಳ ಟರ್ಬೊ ಪೈಪಿಗೆ ಕಂಪನಿಯೇ ಸಿಲಿಕೋನ್ ಹಾಕುವುದುಂಟು. ಉಬ್ಬು ಉಬ್ಬಾಗಿ, ನಡುನಡುವೆ ಸ್ಟೀಲ್ ಬಳೆ ತೊಟ್ಟುಕೊಂಡಿರುತ್ತವಲ್ಲ, ಅವೇ. ಆ ಉಬ್ಬುಗಳು ಅಲುಗಾಟ ನುಂಗಲು, ಬಳೆಗಳು ಊದದಂತೆ ತಡೆಯಲು.

ಆದರೆ ಸಿಲಿಕೋನಿಗೆ ಎರಡು ದೌರ್ಬಲ್ಯ ಇದೆ. ಆನ್‌ಲೈನ್ ಅಂಗಡಿಯವರು ಅದನ್ನು ಹೇಳುವುದಿಲ್ಲ.

ಒಂದು, ಎಣ್ಣೆ. ಬರೀ ಸಿಲಿಕೋನ್ ಎಣ್ಣೆಯನ್ನು ಹೀರುತ್ತದೆ, ನಿಧಾನವಾಗಿ ಹೊರಕ್ಕೂ ಬಿಡುತ್ತದೆ. ಆರು ತಿಂಗಳ ನಂತರ ನೋಡಿದರೆ ಪೈಪಿನ ಹೊರಮೈ ಬೆವರಿದಂತೆ ಜಿಡ್ಡಾಗಿರುತ್ತದೆ, ಅದಕ್ಕೆ ಧೂಳು ಮೆತ್ತಿರುತ್ತದೆ. ಬರಬರುತ್ತಾ ಪದರಗಳು ಬಿಟ್ಟುಕೊಳ್ಳುತ್ತವೆ. ಇದಕ್ಕೆ ಮದ್ದು ಇದೆ: ಒಳಮೈಗೆ ಫ್ಲೂರೋಸಿಲಿಕೋನ್ ಪದರ ಇರುವ ಪೈಪು. ಬೆಲೆ ಹೆಚ್ಚು, ಆದರೆ ನಿಮ್ಮ ಕಾರಿಗೆ ಸಿಲಿಕೋನ್ ಹಾಕುವುದಾದರೆ ಅದೇ ಬೇಕು. ಮಾರುವವರನ್ನು "ಒಳಗೆ ಫ್ಲೂರೋ ಲೈನರ್ ಇದೆಯಾ" ಎಂದು ಕೇಳಿ. ಪ್ರಶ್ನೆಯೇ ಅರ್ಥವಾಗದಿದ್ದರೆ ಇಲ್ಲ ಎಂದೇ ತಿಳಿಯಿರಿ. 2,200ಕ್ಕೆ ಅದು ಸಿಗುವುದು ನನಗಂತೂ ನಂಬಿಕೆ ಇಲ್ಲ. ಅಂದ ಹಾಗೆ, ಡೀಸೆಲ್, ಪೆಟ್ರೋಲ್ ಅಥವಾ ಎಂಜಿನ್ ಆಯಿಲ್ ಹರಿಯುವ ಲೈನಿಗೆ ಸಿಲಿಕೋನ್ ಪೈಪು ಯಾವತ್ತೂ ಬೇಡ. ಚೆಂದ ಕಾಣುತ್ತದೆ ಎಂದು ಹಾಕಿಸಿದವರನ್ನು ನೋಡಿದ್ದೇನೆ.

ಎರಡನೆಯದು, ಹರಿಯುವ ಗುಣ. ಸಿಲಿಕೋನಿಗೆ ಒಂದು ಸಣ್ಣ ಗೀರು ಬಿದ್ದರೆ ಸಾಕು, ಬಾಳೆ ಎಲೆಯ ಹಾಗೆ ಸೀಳಿಕೊಂಡು ಹೋಗುತ್ತದೆ. ಒಳಗಿನ ಬಟ್ಟೆಯ ಪದರವೇ ಅದಕ್ಕೆ ಬೆನ್ನೆಲುಬು. ಅದಕ್ಕೇ ಮೂರು ಪದರ, ನಾಲ್ಕು ಪದರ ಎಂದು ಹೇಳುವುದು. ನಿಮ್ಮ ಹಾಟ್ ಸೈಡಿಗೆ ನಾಲ್ಕು ಪದರ, 5 ಮಿ.ಮೀ. ದಪ್ಪ ಇರಲಿ. ಬಟ್ಟೆ ಬಿಸಿ ತಡೆಯುವ ಅರಾಮಿಡ್ ನೂಲಿನದ್ದಾಗಿದ್ದರೆ ಒಳ್ಳೆಯದು, ಪಾಲಿಯೆಸ್ಟರ್ ಅಷ್ಟು ಬಿಸಿ ತಡೆಯುವುದಿಲ್ಲ. ಬಣ್ಣಕ್ಕೂ ಗುಣಕ್ಕೂ ಸಂಬಂಧವೇ ಇಲ್ಲ, ನೀಲಿ ಇರಲಿ, ಕೆಂಪು ಇರಲಿ, ಕಪ್ಪು ಇರಲಿ.

ಸಿಲಿಕೋನ್ ಎಂದು ಬಣ್ಣ ಹಾಕಿದ ಸಾದಾ ರಬ್ಬರನ್ನೂ ಮಾರುತ್ತಾರೆ. ಪೈಪಿನ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಬಯಲಲ್ಲಿ ಕಾರಿನಿಂದ ದೂರ ನಿಂತು ಬೆಂಕಿ ಹಚ್ಚಿ. ನಿಜವಾದ ಸಿಲಿಕೋನ್ ಉರಿದರೆ ಬಿಳಿ ಬೂದಿ ಉಳಿಯುತ್ತದೆ. ಟಯರ್ ಸುಟ್ಟ ವಾಸನೆ, ಕಪ್ಪು ಮಸಿ ಬಂದರೆ ಮೋಸ ಹೋಗಿದ್ದೀರಿ.

ಇನ್ನೊಂದು ತೊಡಕು ನಿಮ್ಮ ಕಾರಿನ ಜೋಡಣೆಯದ್ದು. ಈಗಿನ ಎಷ್ಟೋ ಕಾರುಗಳಲ್ಲಿ ಪೈಪಿನ ತುದಿಗೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಮೂತಿ ಇರುತ್ತದೆ. ಒಳಗೊಂದು ಓ-ರಿಂಗು (ಸೋರದಂತೆ ತಡೆಯುವ ರಬ್ಬರ್ ಬಳೆ), ಹೊರಗೊಂದು ತಂತಿಯ ಕ್ಲಿಪ್ಪು. "ಟಕ್" ಎಂದು ಕೂರುತ್ತದೆ. ಅಂಥ ಕಡೆ ಸಾದಾ ಸಿಲಿಕೋನ್ ಪೈಪು ಕೂರುವುದೇ ಇಲ್ಲ. ಸುಮ್ನೆ ತುರುಕಿ ಕ್ಲ್ಯಾಂಪ್ ಬಿಗಿದರೆ ಮೊದಲ ಏರಿನಲ್ಲೇ ಹಾರಿಹೋಗುತ್ತದೆ. ನಿಮ್ಮ ಟರ್ಬೊ ಕಡೆ ಕ್ಲ್ಯಾಂಪ್ ಇದೆ ಎಂದು ಬರೆದಿದ್ದೀರಿ, ಇಂಟರ್‌ಕೂಲರ್ ಕಡೆ ಏನಿದೆ ನೋಡಿ. ಪೂರ್ತಿ ಪೈಪ್ ಬದಲಿಸಲು ಬಂದವರಿಗೆ ನೂರಿನ್ನೂರು ರೂಪಾಯಿಯ ಓ-ರಿಂಗ್ ಹಾಕಿ ಕಳಿಸಿದ ಉದಾಹರಣೆ ನನ್ನಲ್ಲಿ ಬೇಕಾದಷ್ಟಿದೆ.

ಲೋಹದ ಪೈಪು, ಮತ್ತು ನಾನು ಮಾಡಿದ ಎಡವಟ್ಟು

ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅಲ್ಯೂಮಿನಿಯಂ ಎಣ್ಣೆಗೆ ಹೆದರುವುದಿಲ್ಲ, ಊದುವುದಿಲ್ಲ, ಇಲಿ ಕಚ್ಚಲಾರದು. ಆದರೆ ಅದು ಬಾಗುವುದೂ ಇಲ್ಲ. ನಿಮ್ಮ ಕಾರಿನಲ್ಲಿ ಆ ಪೈಪು ಮಾಡಬೇಕಾದ ಮುಖ್ಯ ಕೆಲಸಗಳಲ್ಲಿ ಬಾಗುವುದೂ ಒಂದು.

ವರ್ಕ್‌ಶಾಪ್ ಹಾಕಿದ ಹೊಸದರಲ್ಲಿ ನನ್ನ ಸ್ವಂತ ಕಾರಿಗೆ ನಾನೇ ಹಾಟ್ ಸೈಡಿನಲ್ಲಿ ಉದ್ದಕ್ಕೂ ಲೋಹದ ಪೈಪ್ ಮಾಡಿ ಹಾಕಿದೆ. ಎರಡು ತುದಿಗೆ ಎರಡಿಂಚಿನ ಸಿಲಿಕೋನ್ ತುಂಡು, ಅಷ್ಟೇ. ಅರ್ಗಾನ್ ವೆಲ್ಡಿಂಗ್ ಎಷ್ಟು ನೀಟಾಗಿತ್ತೆಂದರೆ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸುತ್ತಿದ್ದೆ. ಐದನೇ ತಿಂಗಳಿಗೆ ಮತ್ತೆ 'ಸುಸ್'. ಪೈಪಿಗೆ ಏನೂ ಆಗಿರಲಿಲ್ಲ, ಇಂಟರ್‌ಕೂಲರಿನ ಪ್ಲಾಸ್ಟಿಕ್ ಟ್ಯಾಂಕು ಮೂತಿಯ ಬುಡದಲ್ಲಿ ಬಿರುಕು ಬಿಟ್ಟಿತ್ತು. ರಬ್ಬರ್ ಪೈಪು ನುಂಗಿಕೊಳ್ಳುತ್ತಿದ್ದ ಜಗ್ಗಾಟವನ್ನು ನನ್ನ ಚೆಂದದ ಪೈಪು ಹಾಗೇ ದಾಟಿಸಿ, ಎಲ್ಲಕ್ಕಿಂತ ದುಬಾರಿ ಭಾಗದ ಮೇಲೆ ಹಾಕಿತ್ತು. ಪೈಪಿಗೆ ಉಳಿಸಿದ ದುಡ್ಡಿನ ನಾಲ್ಕು ಪಟ್ಟು ಇಂಟರ್‌ಕೂಲರ್‌ಗೆ ಕೊಟ್ಟೆ.

ಅದಕ್ಕೇ ಲೋಹ ಹಾಕುವುದಾದರೆ ಪೈಪು ನೇರವಾಗಿ ಹೋಗುವ ಕಡೆ ಮಾತ್ರ ಹಾಕಬೇಕು. ಎರಡೂ ತುದಿಯಲ್ಲಿ ಮೆತ್ತನೆಯ ಜೋಡಣೆ, ಅದರಲ್ಲಿ ಒಂದಾದರೂ ಹೊಟ್ಟೆ ಉಬ್ಬಿದ ಹಂಪ್ ಹೋಸ್ ಇರಬೇಕು. ಕಾರು ಕಂಪನಿಗಳು ಮಾಡುವುದೂ ಹೆಚ್ಚು ಕಡಿಮೆ ಇದನ್ನೇ: ನಡುವೆ ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ, ತುದಿಗಳಲ್ಲಿ ರಬ್ಬರು. ಹಾಗಾಗಿ ಸಿಲಿಕೋನಾ, ಲೋಹವಾ ಎಂಬ ಪ್ರಶ್ನೆಗೆ ಬಹಳ ಕಾರುಗಳಲ್ಲಿ ಉತ್ತರ "ಎರಡೂ, ಅವರವರ ಜಾಗದಲ್ಲಿ". ನಿಮ್ಮ ಕಾರಿನ ಹಾಟ್ ಸೈಡ್ ಪೈಪು ಗಿಡ್ಡ ಇದ್ದು, ಬರೀ ತಿರುವುಗಳೇ ಇದ್ದರೆ ಲೋಹಕ್ಕೆ ಅಲ್ಲಿ ಜಾಗವೇ ಇಲ್ಲ.

ಲೋಹ ಬಿಸಿಯಾಗಿ ಒಳಗಿನ ಗಾಳಿಯನ್ನೂ ಕಾಯಿಸುತ್ತದೆ ಎಂದು ಹೆದರಿಸುವವರಿದ್ದಾರೆ. ಅಲ್ಯೂಮಿನಿಯಂ ಸಿಲಿಕೋನಿಗಿಂತ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿ. 1.5 ಲೀಟರ್ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 34 ಲೀಟರ್ ಗಾಳಿ ಎಳೆಯುತ್ತದೆ. 50 ಮಿ.ಮೀ. ಪೈಪಿನಲ್ಲಿ ಅದು ಸೆಕೆಂಡಿಗೆ 17 ಮೀಟರ್ ವೇಗ. ಒಂದು ಮೀಟರ್ ಪೈಪ್ ದಾಟಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಅಷ್ಟರಲ್ಲಿ ಕಾಯುವುದೆಷ್ಟು? ಮೇಲಾಗಿ ಹಾಟ್ ಸೈಡಿನಲ್ಲಿ ಪೈಪಿನೊಳಗಿನ ಗಾಳಿ ಮೊದಲೇ ಬಾನೆಟ್ ಅಡಿಯ ಗಾಳಿಗಿಂತ ಬಿಸಿ, ಪೈಪು ಶಾಖ ಬಿಟ್ಟರೆ ನಿಮಗೇ ಲಾಭ. ಟ್ರಾಫಿಕ್ಕಿನಲ್ಲಿ ನಿಂತು ಹೊರಟಾಗ ಕೋಲ್ಡ್ ಸೈಡ್ ಲೋಹ ಸ್ವಲ್ಪ ಕಾಟ ಕೊಡಬಹುದು, ಅಷ್ಟೇ.

ನಿಮಗೆ ನಾನು ಹೇಳುವ ಎಚ್ಚರಿಕೆ ಬೇರೆಯದು. ನೀವಿರುವುದು ಕರಾವಳಿಯ ಪಕ್ಕ. ವೆಲ್ಡಿಂಗ್ ಅಂಗಡಿಯವರು ಅಲ್ಯೂಮಿನಿಯಂ ಬದಲು ಸಾದಾ ಕಬ್ಬಿಣದ ಪೈಪ್ ಬಗ್ಗಿಸಿ ಬಣ್ಣ ಹೊಡೆದು ಕೊಟ್ಟರೆ ಒಪ್ಪಬೇಡಿ. ಮಳೆಗಾಲದ ತೇವಕ್ಕೆ ಒಳಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಚೂರು ಗಾಳಿಯ ಜೊತೆ ಹೋಗುತ್ತದೆ. ವೆಲ್ಡಿಂಗಿನ ಕಾಳುಗಳೂ ಅಷ್ಟೇ. ಹಾಟ್ ಸೈಡಿನದ್ದಾದರೆ ಇಂಟರ್‌ಕೂಲರಿನಲ್ಲಿ ಸಿಕ್ಕಿಕೊಳ್ಳಬಹುದು. ಕೋಲ್ಡ್ ಸೈಡಿನದ್ದಾದರೆ ತಡೆಯುವವರು ಯಾರೂ ಇಲ್ಲ, ಸೀದಾ ಸಿಲಿಂಡರಿಗೇ. ಲೋಹದ ಪೈಪನ್ನು ಹಾಕುವ ಮೊದಲು ಒಳಗೆ ಬ್ರಷ್ ಹಾಕಿ ಉಜ್ಜಿ, ತೊಳೆದು, ಬಿಳಿ ಬಟ್ಟೆ ಎಳೆದು ನೋಡಲೇಬೇಕು.

ಪಿಕಪ್ ಜಾಸ್ತಿ ಆಗುವ ವಿಚಾರ: ಕಂಪನಿ ಕೊಟ್ಟ ಬೂಸ್ಟಿನಲ್ಲೇ ಓಡುವ ಕಾರಿನಲ್ಲಿ ಪೈಪು ಬದಲಿಸಿದ ಮಾತ್ರಕ್ಕೆ ನಿಮ್ಮ ಕಾಲಿಗೆ ಗೊತ್ತಾಗುವಷ್ಟು ವ್ಯತ್ಯಾಸ ಬರುವುದಿಲ್ಲ. ಬಂತು ಎಂದು ಹೇಳುವವರ ಹಳೆಯ ಪೈಪು ಸೋರುತ್ತಿತ್ತು.

ಯಾರೂ ನೋಡದ ಜಾಗ

ಪೈಪಿಗೆ ಏಳು ಸಾವಿರ ಕೊಡುವವರು ಕ್ಲ್ಯಾಂಪಿಗೆ ಎಪ್ಪತ್ತು ರೂಪಾಯಿ ಕೊಡಲು ಹಿಂದೆ ಮುಂದೆ ನೋಡುತ್ತಾರೆ. 50 ಮಿ.ಮೀ. ಬಾಯಿಯ ಪೈಪಿನಲ್ಲಿ 1.2 ಬಾರ್ ಒತ್ತಡ ಇದ್ದರೆ, ಆ ಪೈಪನ್ನು ಮೂತಿಯಿಂದ ಹೊರಕ್ಕೆ ತಳ್ಳುವ ಬಲ ಸುಮಾರು 24 ಕೆಜಿ. ಒಂದು ಅಕ್ಕಿ ಚೀಲ ಆ ಜೋಡಣೆಗೆ ನೇತು ಬಿದ್ದಿದೆ ಎಂದುಕೊಳ್ಳಿ, ಅದೂ ಎಣ್ಣೆ ಸವರಿದ ಜೋಡಣೆಗೆ.

ಅದಕ್ಕೇ ಲೋಹದ ಪೈಪಿನ ತುದಿಯಲ್ಲಿ ಸುತ್ತಲೂ ಸಣ್ಣ ಏಣು ಇರಬೇಕು. ಬೀಡಿಂಗ್ ಎನ್ನುತ್ತಾರೆ. ಕ್ಲ್ಯಾಂಪು ಏಣಿನ ಹಿಂದೆ ಕೂರಬೇಕು, ಏಣಿನ ಮೇಲಲ್ಲ. ಬೀಡಿಂಗ್ ಇಲ್ಲದ ಪೈಪನ್ನು ಎಷ್ಟು ಬಿಗಿದರೂ ಜಾರುತ್ತದೆ. ಮೂತಿಯ ಮೇಲೆ ಹೋಸ್ ಕನಿಷ್ಠ 25 ಮಿ.ಮೀ. ಒಳಗೆ ಹೋಗಿರಬೇಕು. ಹಲ್ಲು ಹಲ್ಲಾಗಿ ಸೀಳಿರುವ ಸಾದಾ ಸ್ಕ್ರೂ ಕ್ಲ್ಯಾಂಪು ಸಿಲಿಕೋನಿಗೆ ಬೇಡ. ಆ ಸೀಳುಗಳು ಸಿಲಿಕೋನನ್ನು ಕೊಯ್ಯುತ್ತವೆ, ಕೊಯ್ದ ಮೇಲೆ ಏನಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ. ಸೀಳಿಲ್ಲದ ಪಟ್ಟಿಯ ಟಿ-ಬೋಲ್ಟ್ ಕ್ಲ್ಯಾಂಪು ಹಾಕಿಸಿ, ಕ್ಲ್ಯಾಂಪ್ ಮಾಡಿದವರು ಹೇಳಿದಷ್ಟೇ ಬಿಗಿತಕ್ಕೆ (ಟಾರ್ಕ್) ಬಿಗಿಸಿ. ನೂರು ಕಿ.ಮೀ. ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ಬಿಸಿಗೆ ಸಿಲಿಕೋನ್ ಸ್ವಲ್ಪ ಕೂತಿರುತ್ತದೆ. ಕಂಪನಿ ಹಾಕಿದ ಸ್ಪ್ರಿಂಗ್ ಕ್ಲ್ಯಾಂಪನ್ನು ಅಗ್ಗದ್ದು ಎಂದು ಬಿಸಾಡುವವರಿದ್ದಾರೆ. ರಬ್ಬರ್ ಹಿಗ್ಗಿದರೂ ಕುಗ್ಗಿದರೂ ಅದು ತಾನೇ ಹಿಡಿತ ಸರಿಮಾಡಿಕೊಳ್ಳುತ್ತದೆ. ಒರಿಜಿನಲ್ ಹೋಸಿನ ಜೊತೆ ಅದೇ ಇರಲಿ.

ಹಾಕುವಾಗ ಸುಲಭವಾಗಲಿ ಎಂದು ಎಣ್ಣೆ, ಗ್ರೀಸ್ ಸವರುವ ಮೇಸ್ತ್ರಿಗಳಿದ್ದಾರೆ. ಹಾಗೆ ಸವರಲು ಬಿಡಬೇಡಿ. ಮೂತಿಯನ್ನು ಒರೆಸಿ, ಜಿಡ್ಡು ತೆಗೆದು, ಬೇಕಾದರೆ ಸ್ವಲ್ಪ ನೀರು ಮುಟ್ಟಿಸಿ ಕೂರಿಸಲಿ. ಸೋರದಿರಲಿ ಎಂದು ಟ್ಯೂಬಿನ ಗಮ್ಮು ಮೆತ್ತುವುದೂ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮೌಂಟ್ ಮತ್ತು ಟಾರ್ಕ್ ರಾಡ್ ನೋಡಿಸಿ, ಹೋಗಿದ್ದರೆ ಬದಲಿಸುತ್ತಿದ್ದೆ. ಟರ್ಬೊ ಚಕ್ರದ ಆಟ ನೋಡುತ್ತಿದ್ದೆ. ಆಮೇಲೆ 7,400 ಕೊಟ್ಟು ಒರಿಜಿನಲ್ ಪೈಪನ್ನೇ ಹಾಕುತ್ತಿದ್ದೆ. ನೀರಸವಾದ ಉತ್ತರ, ಗೊತ್ತು. ಆದರೆ ಹೋದ ವರ್ಷದವರೆಗೆ ಒಂದು ಲಕ್ಷಕ್ಕೂ ಮೇಲೆ ಓಡಿದ್ದು ಅದೇ ಪೈಪು ತಾನೇ? ನಿಮ್ಮ ಬೂಸ್ಟು ಹೆಚ್ಚಿಲ್ಲ, ಎಂಜಿನ್ ಟ್ಯೂನ್ ಮಾಡಿಸಿಲ್ಲ. ಆ ಪೈಪಿನ ವಿನ್ಯಾಸ ನಿಮಗೆ ಸಾಕು. ಒರಿಜಿನಲ್ ಸಿಗದೇ ಹೋದರೆ, ಅಥವಾ ತಿಂಗಳುಗಟ್ಟಲೆ ಕಾಯಿಸಿದರೆ, ನಿಮ್ಮ ಕಾರಿಗೆಂದೇ ಅಚ್ಚು ಹಾಕಿದ, ಫ್ಲೂರೋ ಲೈನರ್ ಇರುವ ಸಿಲಿಕೋನ್ ಎರಡನೇ ಆಯ್ಕೆ. ಅಳತೆ ನೋಡಿ ಕತ್ತರಿಸಿ ಕೂರಿಸುವ ಸಾದಾ ಬೆಂಡ್ ತುಂಡುಗಳು ಬೇಡ. ಲೋಹ ಮೂರನೆಯದು. ಟ್ಯೂನ್ ಮಾಡಿಸಿ 2 ಬಾರ್ ಹತ್ತಿರ ಓಡಿಸುವವರಾಗಿದ್ದರೆ ಈ ಆಯ್ಕೆಗಳ ಕ್ರಮವನ್ನು ಬೇರೆ ಥರ ಬರೆಯುತ್ತಿದ್ದೆ.

ಆರ್‌ಟಿಒ ಭಯ ಇದ್ದರೆ, ಅದೇ ಕೆಲಸ ಮಾಡುವ ಪೈಪನ್ನು ಬೇರೆ ವಸ್ತುವಿನದ್ದು ಹಾಕಿದರೆ ಆರ್‌ಸಿಯಲ್ಲಿ ನಮೂದಾದ ಯಾವ ವಿವರವೂ ಬದಲಾಗುವುದಿಲ್ಲ. ಎಂಜಿನ್ ರೀಮ್ಯಾಪ್ ಮಾಡಿಸುವುದು, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕಾಚಾರವನ್ನೇ ಬದಲಿಸುವುದು, ಬೇರೆ ವಿಷಯ, ಅದನ್ನು ವಿಮೆಯವರಿಗೆ ಹೇಳದೆ ಮಾಡಬೇಡಿ.

ಪೈಪ್ ಯಾವುದೇ ಹಾಕಿ, ಗ್ಯಾರೇಜಿನಿಂದ ಹೊರಡುವ ಮೊದಲು ಒತ್ತಡದ ಪರೀಕ್ಷೆ ಮಾಡಿಸಿ. ಗಾಳಿ ಬರುವ ಬಾಯಿಗೆ ಮುಚ್ಚಳ ಹಾಕಿ, ಕಂಪ್ರೆಸರಿನಿಂದ ಅರ್ಧ ಬಾರ್‌ನಷ್ಟು ಗಾಳಿ ಬಿಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಹಾಕಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯ ವಿದ್ಯೆಯೇ. ಎಂಜಿನ್ ಸುಮ್ಮನೆ ಓಡುವಾಗ ಬೂಸ್ಟ್ ಇರುವುದಿಲ್ಲ, ಆದ್ದರಿಂದ ಗ್ಯಾರೇಜಿನಲ್ಲಿ ನಿಂತು ಆಕ್ಸಿಲರೇಟರ್ ಒತ್ತಿ "ಎಲ್ಲ ಸರಿ ಇದೆ" ಎಂದರೆ ನಂಬಬೇಡಿ.

ಮುಂದಿನ ವಾರದ ಪ್ರಯಾಣದ ಬಗ್ಗೆ. ಒಡೆದ ಪೈಪಿಗೆ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ, ಎರಡು ಕಡೆ ಕ್ಲ್ಯಾಂಪ್ ಹಾಕಿ ಊರು ಸೇರಿದ ಲಾರಿ ಡ್ರೈವರುಗಳನ್ನು ಬೇಕಾದಷ್ಟು ನೋಡಿದ್ದೇನೆ. ನೀವೂ ಹಾಗೆ ಗ್ಯಾರೇಜಿನ ತನಕ, 2,000 ಆರ್‌ಪಿಎಂ ಒಳಗೆ, ನಿಧಾನವಾಗಿ ಹೋಗಬಹುದು. ಘಾಟಿ ಹತ್ತಲು ಆ ಉಪಾಯ ಬೇಡ. ಬಿರುಕು ಮತ್ತೆ ತೆರೆದುಕೊಂಡರೆ ತಿರುವಿನಲ್ಲಿ, ಹಿಂದೆ ಟ್ಯಾಂಕರ್ ಇರುವಾಗ, ಶಕ್ತಿ ಸತ್ತ ಕಾರು ಕೈಯಲ್ಲಿರುತ್ತದೆ. ಪೈಪ್ ಅಷ್ಟರೊಳಗೆ ಬರದಿದ್ದರೆ ಈ ಸಲ ಬಸ್ಸಿಗೆ ಹೋಗಿ ಬನ್ನಿ. ಬರುವಾಗ ಸಮಯ ಸಿಕ್ಕರೆ ಜೆ.ಸಿ. ರೋಡಿನಲ್ಲಿ ಒರಿಜಿನಲ್ ಪೈಪ್ ವಿಚಾರಿಸಿ. ಒಡೆದ ಪೈಪನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಅದರ ಮೇಲಿನ ಪಾರ್ಟ್ ನಂಬರ್ ಅಳಿಸಿದ್ದರೂ ಪಕ್ಕದಲ್ಲಿಟ್ಟು ಅಳತೆ ನೋಡಬಹುದು.